ಹಕ್ಕಿ, ಹುಲ್ಲು ಮತ್ತು ಎಮ್ಮೆ: ಭರತ್‌ಪುರದಲ್ಲಿ ನಾನು ಕಲಿತದ್ದು

ಕಳೆದ ವರ್ಷ ನಮ್ಮ ಕಾಲೇಜಿನ ಇಕೋ ಕ್ಲಬ್‌ನಲ್ಲಿ ಒಂದು ಚರ್ಚೆ ನಡೆದಿತ್ತು. ಊರಿನ ಕೆರೆಯನ್ನು ಉಳಿಸುವುದು ಹೇಗೆ ಎಂಬುದು ವಿಷಯ. ನಾನು ಎದ್ದು ನಿಂತು, "ಸುತ್ತ ಬೇಲಿ ಹಾಕಿ ಗೇಟಿಗೆ ಬೀಗ ಹಾಕಬೇಕು. ದನ, ಎಮ್ಮೆ, ಮೇಕೆ ಯಾವುದನ್ನೂ ಒಳಗೆ ಬಿಡಬಾರದು. ಪ್ರಕೃತಿಯನ್ನು ಅದರ ಪಾಡಿಗೆ ಬಿಟ್ಟರೆ ತಾನೇ ಸರಿಹೋಗುತ್ತದೆ" ಎಂದು ಜೋರಾಗಿ ಹೇಳಿದೆ. ಚಪ್ಪಾಳೆಯೂ ಬಿತ್ತು. ಆಗ ಕೆರೆಯ ಪಕ್ಕದ ಬೀದಿಯಿಂದ ಬರುವ ಸಹಪಾಠಿಯೊಬ್ಬಳು, "ಹಾಗಾದರೆ ನಮ್ಮ ಮನೆಯ ಎಮ್ಮೆಗಳು ಎಲ್ಲಿಗೆ ಹೋಗಬೇಕು?" ಎಂದು ಕೇಳಿದಳು. "ಅದು ಬೇರೆ ಪ್ರಶ್ನೆ" ಎಂದು ಹೇಳಿ ಕುಳಿತುಬಿಟ್ಟೆ.

ಅದು ಬೇರೆ ಪ್ರಶ್ನೆ ಅಲ್ಲ ಎಂದು ನನಗೆ ಗೊತ್ತಾದದ್ದು ಈ ಸಲದ ದಸರಾ ರಜೆಯಲ್ಲಿ, ರಾಜಸ್ಥಾನದ ಭರತ್‌ಪುರದಲ್ಲಿ.

ಸೈಕಲ್ ರಿಕ್ಷಾದಲ್ಲಿ ಒಂದು ಬೆಳಗು

ಆಗ್ರಾ ನೋಡಿ ಜೈಪುರಕ್ಕೆ ಹೋಗುವ ದಾರಿಯಲ್ಲಿ ನಮ್ಮ ಕುಟುಂಬ ಒಂದು ದಿನ ಭರತ್‌ಪುರದಲ್ಲಿ ಇಳಿದುಕೊಂಡಿತು. ಆಗ್ರಾದಿಂದ ಅಲ್ಲಿಗೆ ಸುಮಾರು 55 ಕಿಲೋಮೀಟರ್. ಊರಿನ ಅಂಚಿನಲ್ಲೇ ಕೇವಲಾದೇವ್ ರಾಷ್ಟ್ರೀಯ ಉದ್ಯಾನವಿದೆ. ಒಳಗಿರುವ ಹಳೆಯ ಶಿವ ದೇವಾಲಯದಿಂದ ಅದಕ್ಕೆ ಆ ಹೆಸರು ಬಂದಿದೆ. ವಿಸ್ತೀರ್ಣ ಕೇವಲ 29 ಚದರ ಕಿಲೋಮೀಟರ್. ನಮ್ಮ ಬಂಡೀಪುರ, ನಾಗರಹೊಳೆಗೆ ಹೋಲಿಸಿದರೆ ಅಂಗೈಯಷ್ಟು ಜಾಗ. ಆದರೆ ಅಲ್ಲಿ ದಾಖಲಾಗಿರುವ ಹಕ್ಕಿಗಳು 350ಕ್ಕೂ ಹೆಚ್ಚು ಜಾತಿಯವು.

ಒಳಗೆ ನಡೆದು ಹೋಗಬಹುದು, ಸೈಕಲ್ ತುಳಿಯಬಹುದು, ಇಲ್ಲವೇ ಸೈಕಲ್ ರಿಕ್ಷಾ ಹತ್ತಬಹುದು. ರಿಕ್ಷಾ ಓಡಿಸುವವರಲ್ಲಿ ಅನೇಕರಿಗೆ ಹಕ್ಕಿ ಗುರುತಿಸುವ ತರಬೇತಿಯೂ ಇದೆ. ನಮ್ಮ ರಿಕ್ಷಾದ ಹಿರಿಯರು ಹತ್ತಿರದ ಹಳ್ಳಿಯವರು. ಮನೆಯಲ್ಲಿ ನಾವು ಆಡುವ ಉರ್ದು ಅಲ್ಲಿ ಚೆನ್ನಾಗಿ ಉಪಯೋಗಕ್ಕೆ ಬಂತು. ಅವರು ಪೆಡಲ್ ತುಳಿಯುತ್ತಲೇ ಎಡಕ್ಕೊಂದು, ಬಲಕ್ಕೊಂದು ಹಕ್ಕಿ ತೋರಿಸುತ್ತಿದ್ದರು. ನನಗೆ ಕಾಣುವಷ್ಟರಲ್ಲಿ ಅವರ ಕಣ್ಣು ಮುಂದಿನ ಮರಕ್ಕೆ ಹೋಗಿರುತ್ತಿತ್ತು.

ಅಕ್ಟೋಬರ್ ತಿಂಗಳಾದ್ದರಿಂದ ನೀರಿನ ನಡುವಿನ ಜಾಲಿ ಮರಗಳ ತುಂಬ ಬಣ್ಣದ ಕೊಕ್ಕರೆಗಳ ಗೂಡುಗಳಿದ್ದವು. ಒಂದೊಂದು ಮರದಲ್ಲೂ ಹತ್ತಾರು ಗೂಡು, ಪ್ರತಿ ಗೂಡಿನಲ್ಲೂ ಹಸಿದ ಮರಿಗಳ ಗಲಾಟೆ. ಕೆಳಗೆ ಹಾವಕ್ಕಿಗಳು ಮೈಯೆಲ್ಲ ನೀರಿನೊಳಗಿಟ್ಟು ಕತ್ತನ್ನಷ್ಟೇ ಹೊರಗೆ ಚಾಚಿ ಈಜುತ್ತಿದ್ದವು. ನೀರುಕಾಗೆಗಳು ರೆಕ್ಕೆ ಬಿಚ್ಚಿ ಬಿಸಿಲಿಗೆ ಒಣಗಿಸಿಕೊಳ್ಳುತ್ತಿದ್ದವು. ತೇಲುವ ಎಲೆಗಳ ಮೇಲೆ ದೇವನಕ್ಕಿ ಉದ್ದ ಬೆರಳುಗಳನ್ನು ಹರಡಿಕೊಂಡು ಮುಳುಗದೆ ನಡೆಯುತ್ತಿತ್ತು. ಇನ್ನೂ ಮೂರು ವಾರ ತಡೆದು ಬಂದಿದ್ದರೆ ಪಟ್ಟೆತಲೆ ಹೆಬ್ಬಾತುಗಳನ್ನೂ ನೋಡಬಹುದಿತ್ತು ಎಂದರು ಅವರು. ಹಿಮಾಲಯವನ್ನು ದಾಟಿ ಬರುವ ಈ ಹಕ್ಕಿಗಳು ಏಳು ಸಾವಿರ ಮೀಟರಿಗೂ ಹೆಚ್ಚು ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಇದೇ ಜಾತಿಯ ಹಕ್ಕಿಗಳು ಚಳಿಗಾಲದಲ್ಲಿ ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಬರುತ್ತವೆ.

ಜೌಗು ಮುಗಿದ ಕಡೆ ಹುಲ್ಲುಗಾವಲು ಶುರುವಾಗುತ್ತದೆ. ಎದೆಯೆತ್ತರದ ಲಾವಂಚ, ದರ್ಭೆ, ನಡುನಡುವೆ ಕುರುಚಲು ಗಿಡ. ಅಲ್ಲಿ ನೀಲಗಾಯ್ ಮತ್ತು ಚುಕ್ಕೆ ಜಿಂಕೆಗಳು ಮೇಯುತ್ತಿದ್ದವು. ಮುಳ್ಳುಹಂದಿ ತೋಡಿದ ಬಿಲಗಳಲ್ಲಿ ಹೆಬ್ಬಾವುಗಳಿರುತ್ತವೆ, ಚಳಿಗಾಲದ ಬಿಸಿಲಿಗೆ ಅವು ಹೊರಗೆ ಬಂದು ಮಲಗುತ್ತವೆ ಎಂದು ಕೇಳಿ ನನ್ನ ತಮ್ಮ ರಿಕ್ಷಾದಿಂದ ಇಳಿಯಲೇ ಇಲ್ಲ. ದೂರದ ಒದ್ದೆ ನೆಲದಲ್ಲಿ ಒಂದು ಜೋಡಿ ಸಾರಸ್ ಕ್ರೇನ್ ನಿಂತಿತ್ತು. ಹಾರುವ ಹಕ್ಕಿಗಳಲ್ಲೇ ಅತಿ ಎತ್ತರದ್ದು ಇದು. ನಿಂತರೆ ಸುಮಾರು 1.8 ಮೀಟರ್, ಅಂದರೆ ನಮ್ಮ ದೈಹಿಕ ಶಿಕ್ಷಣದ ಸರ್‌ಗಿಂತ ಸ್ವಲ್ಪ ಹೆಚ್ಚೇ ಇರಬೇಕು.

ಮನುಷ್ಯರು ಕಟ್ಟಿದ ಜೌಗು

ನಾನು ಇದನ್ನೆಲ್ಲ ಕಾಡಿನಷ್ಟೇ ಸಹಜವಾದ ಜಾಗ ಎಂದುಕೊಂಡಿದ್ದೆ. ಹಾಗಲ್ಲ. ಮೊದಲು ಅಲ್ಲಿದ್ದದ್ದು ತಗ್ಗು ನೆಲ ಮಾತ್ರ. 18ನೇ ಶತಮಾನದಲ್ಲಿ ಭರತ್‌ಪುರದ ಮಹಾರಾಜ ಸೂರಜ್ ಮಲ್ ಅಜಾನ್ ಬಂಡ್ ಎಂಬ ಏರಿ ಕಟ್ಟಿಸಿದರು. ಗಂಭೀರ್ ಮತ್ತು ಬಾಣಗಂಗಾ ನದಿಗಳ ಮಳೆಗಾಲದ ನೀರು ಅಲ್ಲಿ ಸೇರಿ, ಅಲ್ಲಿಂದ ಈ ತಗ್ಗಿಗೆ ಹರಿಯಿತು. ಮುಂದೆ ಒಳಗೆ ಸಣ್ಣ ಸಣ್ಣ ಏರಿಗಳನ್ನು, ತೂಬುಗಳನ್ನು ಕಟ್ಟಿ ಜಾಗವನ್ನು ಹಲವು ಅಂಕಣಗಳಾಗಿ ಮಾಡಿದರು. ನಮ್ಮ ಕಡೆಯ ಕೆರೆ, ಏರಿ, ತೂಬುಗಳನ್ನು ನೋಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ.

ರಾಜರು ಇದನ್ನು ಬೆಳೆಸಿದ್ದು ಬಾತುಗಳ ಬೇಟೆಗಾಗಿ. ದೇವಾಲಯದ ಹತ್ತಿರ ಕಲ್ಲಿನ ಫಲಕಗಳಿವೆ. ಯಾವ ದಿನ, ಯಾರ ಗೌರವಾರ್ಥ ಬೇಟೆ ನಡೆಯಿತು, ಎಷ್ಟು ಬಂದೂಕು, ಎಷ್ಟು ಹಕ್ಕಿ ಎಂದು ಅಂಗಡಿಯ ಲೆಕ್ಕದಂತೆ ಕೆತ್ತಿದ್ದಾರೆ. 1938ರ ನವೆಂಬರ್ 12ರಂದು ವೈಸ್‌ರಾಯ್ ಲಿನ್‌ಲಿತ್‌ಗೋ ಅವರಿಗಾಗಿ ನಡೆದ ಬೇಟೆಯ ಲೆಕ್ಕ 4,273 ಹಕ್ಕಿಗಳು. ಒಂದೇ ದಿನದಲ್ಲಿ! ಅದೇ ದಿನ ನಮ್ಮ ದೇಶದ ಹಕ್ಕಿ ಶಾಸ್ತ್ರಜ್ಞ ಸಲೀಂ ಅಲಿಯವರಿಗೆ 42 ವರ್ಷ ತುಂಬಿತ್ತು. ಅವರು ಹುಟ್ಟಿದ್ದು 1896ರ ನವೆಂಬರ್ 12.

ಸಲೀಂ ಅಲಿಯವರೂ ಬಾಲ್ಯದಲ್ಲಿ ಏರ್‌ಗನ್ ಹಿಡಿದ ಹುಡುಗನೇ. ತಾನು ಹೊಡೆದ ಗುಬ್ಬಿಯ ಕೊರಳಿನಲ್ಲಿ ಹಳದಿ ಗುರುತು ಕಂಡು, ಅದು ಯಾವ ಹಕ್ಕಿ ಎಂದು ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದದ್ದೇ ಅವರ ಬದುಕಿನ ದಿಕ್ಕು ಬದಲಿಸಿತು. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದವರೂ ಅವರೇ. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾದದ್ದು ಅವರು ಮಹಾರಾಜರಿಗೆ ನೀಡಿದ ಸಲಹೆಯಿಂದ. ಸ್ವಾತಂತ್ರ್ಯದ ನಂತರ ಭರತ್‌ಪುರದ ಜೌಗನ್ನು ಒಣಗಿಸಿ ಹೊಲ ಮಾಡಬೇಕೆಂಬ ಬೇಡಿಕೆ ಎದ್ದಾಗ, ಅದನ್ನು ಉಳಿಸಲು ದನಿ ಎತ್ತಿದವರಲ್ಲಿ ಅವರು ಮುಖ್ಯರು.

ನಂತರ ರಕ್ಷಣೆ ಒಂದೊಂದಾಗಿ ಬಂತು. 1976ರಲ್ಲಿ ಪಕ್ಷಿಧಾಮ. 1981ರಲ್ಲಿ ಒಡಿಶಾದ ಚಿಲಿಕಾ ಸರೋವರದ ಜೊತೆಗೆ ಭಾರತದ ಮೊದಲ ಎರಡು ರಾಮ್ಸರ್ ತಾಣಗಳಲ್ಲಿ ಒಂದು. 1982ರಲ್ಲಿ ರಾಷ್ಟ್ರೀಯ ಉದ್ಯಾನ. 1985ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ. ಸುತ್ತಲೂ ಸುಮಾರು ಎರಡು ಮೀಟರ್ ಎತ್ತರದ ಕಲ್ಲಿನ ಗೋಡೆಯೂ ಎದ್ದಿತು. ಅಂದರೆ ಇಕೋ ಕ್ಲಬ್‌ನಲ್ಲಿ ನಾನು ಕೇಳಿದ್ದೆಲ್ಲ ಅಲ್ಲಿ ನಡೆಯಿತು.

1982ರ ನವೆಂಬರ್

ಹುಲ್ಲುಗಾವಲಿನ ಹತ್ತಿರ ರಿಕ್ಷಾ ನಿಲ್ಲಿಸಿ ಆ ಹಿರಿಯರು ಬೀಡಿ ಹಚ್ಚಲು ಹೋಗಿ, ನಿಯಮ ನೆನಪಾಗಿ ಮತ್ತೆ ಜೇಬಿಗೆ ಹಾಕಿಕೊಂಡರು. ಆಮೇಲೆ ಅಂದರು: "ನಮ್ಮ ಅಪ್ಪನ ಎಮ್ಮೆಗಳು ಇಲ್ಲೇ ಮೇಯುತ್ತಿದ್ದವು. ಈಗ ನೀವು ಟಿಕೆಟ್ ಕೊಟ್ಟು ಬರುವ ಜಾಗಕ್ಕೆ ಆಗ ನಾನು ದಿನಾ ಬರುತ್ತಿದ್ದೆ."

ತಲೆತಲಾಂತರದಿಂದ ಸುತ್ತಲಿನ ಹಳ್ಳಿಗಳ ಸಾವಿರಾರು ಎಮ್ಮೆ, ದನಗಳು ಅಲ್ಲಿ ಮೇಯುತ್ತಿದ್ದವು. ರಾಷ್ಟ್ರೀಯ ಉದ್ಯಾನವಾದ ಮೇಲೆ ಕಾನೂನಿನ ಪ್ರಕಾರ ಮೇಯಿಸುವಂತಿಲ್ಲ. ಎಮ್ಮೆಗಳಿಂದ ಹಕ್ಕಿಗಳಿಗೆ ಹಾನಿ ಎಂದು ಆಗಿನ ತಜ್ಞರೂ ನಂಬಿದ್ದರು. ಸಲೀಂ ಅಲಿಯವರ ಅಭಿಪ್ರಾಯವೂ ಅದೇ ಆಗಿತ್ತು. 1982ರ ನವೆಂಬರ್‌ನಲ್ಲಿ ನಿಷೇಧ ಜಾರಿಗೆ ಬಂತು. ಬೇರೆ ಮೇವಿನ ವ್ಯವಸ್ಥೆ ಆಗಿರಲಿಲ್ಲ. ಹಳ್ಳಿಯವರು ಎಮ್ಮೆಗಳನ್ನು ಹೊಡೆದುಕೊಂಡು ಬಂದರು, ಪೊಲೀಸರು ತಡೆದರು, ಘರ್ಷಣೆಯಾಯಿತು, ಗುಂಡು ಹಾರಿತು. ಹಲವರು ಸತ್ತರು.

ಹಕ್ಕಿಗಳ ರಕ್ಷಣೆಗಾಗಿ ಮಾಡಿದ ನಿಯಮದಲ್ಲಿ ಮನುಷ್ಯರ ಜೀವ ಹೋಯಿತು. ಇದನ್ನು ಓದಿ ಮುಂದಕ್ಕೆ ಹೋಗಿಬಿಡುವುದು ಸುಲಭ. ಆದರೆ ಹೇಳುವವರು ಎದುರಿಗೇ ಕುಳಿತಾಗ ಅದು ಆಗುವುದಿಲ್ಲ. ಅಮ್ಮ ನೀರಿನ ಬಾಟಲಿ ಕೊಟ್ಟರು. ಅವರು ಕುಡಿದು ಮತ್ತೆ ಪೆಡಲ್ ತುಳಿದರು.

ಎಮ್ಮೆ ಹೋದ ಮೇಲೆ ಏನಾಯಿತು?

ಊರಿಗೆ ಬಂದ ಮೇಲೆ ಜೀವಶಾಸ್ತ್ರದ ಮೇಡಂ ಸಹಾಯದಿಂದ ಇದರ ಬಗ್ಗೆ ಓದಿದೆ. 1980ರಿಂದ ಸುಮಾರು ಹತ್ತು ವರ್ಷ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿಗಳು ಡಾ. ವಿ.ಎಸ್. ವಿಜಯನ್ ನೇತೃತ್ವದಲ್ಲಿ ಅಲ್ಲಿ ಅಧ್ಯಯನ ಮಾಡಿದರು. ಅಧ್ಯಯನ ಶುರುವಾದಾಗ ಎಮ್ಮೆಗಳಿದ್ದವು, ನಡುವೆ ಅವು ಹೋದವು. ಹೀಗಾಗಿ ಮೊದಲು ಮತ್ತು ನಂತರದ ಸ್ಥಿತಿ ಎರಡನ್ನೂ ಹೋಲಿಸಿ ನೋಡುವ ಅವಕಾಶ ಅವರಿಗೆ ಸಿಕ್ಕಿತು.

ಅವರಿಗೆ ಕಂಡದ್ದು ನಿರೀಕ್ಷೆಗೆ ವಿರುದ್ಧವಾಗಿತ್ತು. ಜೌಗಿನಲ್ಲಿ ಪಾಸ್ಪಾಲಮ್ ಡಿಸ್ಟಿಕಮ್ ಎಂಬ ಹುಲ್ಲು ಬೆಳೆಯುತ್ತದೆ. ಅದು ಆಳವಿಲ್ಲದ ನೀರಿನ ಕೆಸರಿನಲ್ಲಿ ಬೇರೂರಿ, ಕಾಂಡಗಳನ್ನು ಹರಡುತ್ತ ನೀರಿನ ಮೇಲೆ ಚಾಪೆ ಹಾಸಿದಂತೆ ಬೆಳೆಯುತ್ತದೆ. ಎಮ್ಮೆಗಳು ಸೊಂಟದವರೆಗಿನ ನೀರಿಗೂ ಇಳಿದು ಅದನ್ನು ಮೇಯುತ್ತಿದ್ದವು, ತುಳಿಯುತ್ತಿದ್ದವು. ಅವು ಹೋದ ಮೇಲೆ ಈ ಹುಲ್ಲಿಗೆ ತಡೆಯೇ ಇಲ್ಲದಾಯಿತು.

ಮುಂದಿನದನ್ನು ಒಂದು ಸರಪಳಿಯಂತೆ ಯೋಚಿಸಿ. ಹುಲ್ಲಿನ ಚಾಪೆ ನೀರನ್ನು ಮುಚ್ಚಿದರೆ ಬಿಸಿಲು ಕೆಳಗೆ ಇಳಿಯುವುದಿಲ್ಲ. ಬಿಸಿಲಿಲ್ಲದೆ ನೀರೊಳಗಿನ ಸಸ್ಯಗಳು ಸಾಯುತ್ತವೆ. ಹುಲ್ಲು ಕೊಳೆಯುವಾಗ ನೀರಿನ ಆಮ್ಲಜನಕವನ್ನು ಬಳಸಿಕೊಳ್ಳುತ್ತದೆ, ಮೀನುಗಳಿಗೆ ಕಷ್ಟವಾಗುತ್ತದೆ. ಮೀನು ಕಡಿಮೆಯಾದರೆ ಕೊಕ್ಕರೆ, ಹಾವಕ್ಕಿಗಳ ಮರಿಗಳಿಗೆ ಆಹಾರವಿಲ್ಲ. ಇಳಿಯಲು, ಈಜಲು ತೆರೆದ ನೀರು ಇಲ್ಲದಿದ್ದರೆ ಬಾತುಗಳು ಬೇರೆ ಕಡೆಗೆ ಹೋಗುತ್ತವೆ. ವರ್ಷವರ್ಷವೂ ಕೊಳೆತ ಹುಲ್ಲು ತಳದಲ್ಲಿ ಸೇರಿ ಜೌಗಿನ ಆಳವೂ ಕಡಿಮೆಯಾಗುತ್ತದೆ.

ಇದಕ್ಕೆ ಜೀವಶಾಸ್ತ್ರದಲ್ಲಿ ಅನುಕ್ರಮಣ ಎನ್ನುತ್ತಾರೆ. ಆಳವಿಲ್ಲದ ನೀರನ್ನು ಹಾಗೇ ಬಿಟ್ಟರೆ ಅದು ಮೊದಲು ಹುಲ್ಲಿನ ಜೌಗಾಗುತ್ತದೆ, ನಂತರ ಹುಲ್ಲುಗಾವಲು, ಆಮೇಲೆ ಕುರುಚಲು, ಕೊನೆಗೆ ಕಾಡು. ಹಿಂದೆ ದೊಡ್ಡ ನದಿಗಳು ಪ್ರವಾಹದಲ್ಲಿ ದಿಕ್ಕು ಬದಲಿಸಿ ಹೊಸ ಜೌಗುಗಳನ್ನು ಮಾಡುತ್ತಿದ್ದವು, ಕಾಡಿನ ದೊಡ್ಡ ಪ್ರಾಣಿಗಳು ಹಿಂಡುಹಿಂಡಾಗಿ ಮೇಯುತ್ತಿದ್ದವು. ಈಗ ನದಿಗಳಿಗೆ ಅಣೆಕಟ್ಟು ಇದೆ, ಜೌಗಿಗೆ ಗೋಡೆ ಇದೆ. ಆ ಪ್ರಾಣಿಗಳು ಮಾಡುತ್ತಿದ್ದ ಕೆಲಸವನ್ನು ಭರತ್‌ಪುರದಲ್ಲಿ ಹಳ್ಳಿಯವರ ಎಮ್ಮೆಗಳು ಮಾಡುತ್ತಿದ್ದವು. ಅದು ಯಾರ ಗಮನಕ್ಕೂ ಬಂದಿರಲಿಲ್ಲ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇನ್ನೊಂದು ಸಂಗತಿ. ಎಮ್ಮೆಗಳನ್ನು ಹೊರಗಿಡಬೇಕು ಎಂದವರಲ್ಲಿ ಈ ಸೊಸೈಟಿಯವರೂ ಇದ್ದರು. ನಿಷೇಧದಿಂದ ಜೌಗಿಗೆ ಹಾನಿಯಾಗಿದೆ ಎಂದು ಹೇಳಿದ್ದೂ ಅದೇ ಸೊಸೈಟಿಯ ಅಧ್ಯಯನ. ತಮ್ಮ ಸಂಸ್ಥೆಯ ಹಳೆಯ ನಿಲುವಿಗೆ ವಿರುದ್ಧವಾದ ಅಂಕಿಅಂಶಗಳನ್ನು ಅವರು ಮುಚ್ಚಿಡದೆ ಪ್ರಕಟಿಸಿದರು. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಉತ್ತರ ಬರದಿದ್ದಾಗ ರೀಡಿಂಗ್ ತಿದ್ದಿ ಬರೆಯುವ ನಮ್ಮಂಥವರು ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಬೇಕು.

ಹಾಗೆಂದು ಎಲ್ಲ ಕಡೆ ಮೇಯಿಸುವುದು ಒಳ್ಳೆಯದು ಎಂದು ಅರ್ಥವಲ್ಲ. ಮಿತಿ ಮೀರಿ ಮೇಯಿಸಿದರೆ ನೆಲ ಬೋಳಾಗುತ್ತದೆ, ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆ ತುಳಿತಕ್ಕೆ ಸಿಗುತ್ತವೆ. ಎಷ್ಟು ಪ್ರಾಣಿ, ಯಾವ ತಿಂಗಳು, ಯಾವ ಜಾಗ ಎನ್ನುವುದೇ ಮುಖ್ಯ. ಭರತ್‌ಪುರದಲ್ಲಿ ಎಮ್ಮೆಗಳಿಗೆ ಮತ್ತೆ ಗೇಟು ತೆರೆಯಲಿಲ್ಲ. ಆದರೆ ಹಳ್ಳಿಯವರು ಪರವಾನಗಿ ಪಡೆದು ಹುಲ್ಲು ಕೊಯ್ದುಕೊಂಡು ಹೋಗಲು ಅವಕಾಶ ಕೊಟ್ಟರು. ಎಮ್ಮೆ ಒಳಗೆ ಹೋಗದಿದ್ದರೂ ಒಂದಷ್ಟು ಹುಲ್ಲು ಎಮ್ಮೆಯ ಬಳಿಗೆ ಬಂತು.

ಬಾರದ ಅತಿಥಿ, ಬಾರದ ನೀರು

ಭರತ್‌ಪುರದ ಹೆಸರು ಜಗತ್ತಿಗೆಲ್ಲ ಗೊತ್ತಾದದ್ದು ಸೈಬೀರಿಯನ್ ಕ್ರೇನ್‌ನಿಂದ. ಬೆಳ್ಳನೆಯ ಮೈ, ಕೆಂಪು ಮುಖ. ಜಹಾಂಗೀರನ ಆಸ್ಥಾನದ ಚಿತ್ರಕಾರ ಉಸ್ತಾದ್ ಮನ್ಸೂರ್ 17ನೇ ಶತಮಾನದಲ್ಲೇ ಇದರ ಚಿತ್ರ ಬರೆದಿದ್ದಾರೆ. ಪಶ್ಚಿಮ ಸೈಬೀರಿಯಾದಿಂದ ಹೊರಟು, ಅಫ್ಘಾನಿಸ್ತಾನದ ಆಬ್-ಎ-ಇಸ್ತಾದಾ ಸರೋವರದಲ್ಲಿ ತಂಗಿ, ಐದು ಸಾವಿರ ಕಿಲೋಮೀಟರಿಗೂ ಹೆಚ್ಚು ಹಾರಿ ಚಳಿಗಾಲಕ್ಕೆ ಇಲ್ಲಿಗೆ ಬರುತ್ತಿತ್ತು. 1960ರ ದಶಕದಲ್ಲಿ ಸುಮಾರು 200 ಹಕ್ಕಿಗಳು ಬರುತ್ತಿದ್ದವು. ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿ 2001-02ರ ಚಳಿಗಾಲದಲ್ಲಿ ಒಂದೇ ಜೋಡಿ ಬಂತು. ಆಮೇಲೆ ಬರಲಿಲ್ಲ. ದಾರಿಯ ದೇಶಗಳಲ್ಲಿ ನಡೆದ ಬೇಟೆ ಇದಕ್ಕೆ ದೊಡ್ಡ ಕಾರಣ. ಈ ಜಾತಿಯ ಬಹುತೇಕ ಹಕ್ಕಿಗಳು ಈಗ ಪೂರ್ವದ ದಾರಿಯಲ್ಲಿ ಚೀನಾದ ಪೋಯಾಂಗ್ ಸರೋವರಕ್ಕೆ ಹೋಗುತ್ತವೆ. ಭರತ್‌ಪುರದ ಗೋಡೆ ಎಷ್ಟೇ ಎತ್ತರವಿದ್ದರೂ ಅಫ್ಘಾನಿಸ್ತಾನದ ಬಂದೂಕನ್ನು ಅದು ತಡೆಯಲಾರದು.

ನೀರಿನದ್ದೂ ಅದೇ ಕಥೆ. ಈ ಉದ್ಯಾನಕ್ಕೆ ವರ್ಷಕ್ಕೆ ಸುಮಾರು 550 ದಶಲಕ್ಷ ಘನ ಅಡಿ ನೀರು ಬೇಕು. ನಮಗೆ ಅರ್ಥವಾಗುವ ಲೆಕ್ಕದಲ್ಲಿ ಅರ್ಧ ಟಿಎಂಸಿಗಿಂತ ಸ್ವಲ್ಪ ಹೆಚ್ಚು. ಕೆಆರ್‌ಎಸ್ ಜಲಾಶಯದ ಸಾಮರ್ಥ್ಯ ಸುಮಾರು 49 ಟಿಎಂಸಿ ಎಂದರೆ, ಇದು ಎಷ್ಟು ಸಣ್ಣ ಪ್ರಮಾಣ ಎಂದು ತಿಳಿಯುತ್ತದೆ. ಆದರೂ ಗಂಭೀರ್ ನದಿಗೆ ಮೇಲ್ಭಾಗದ ಕರೌಲಿ ಜಿಲ್ಲೆಯಲ್ಲಿ ಪಾಂಚನಾ ಅಣೆಕಟ್ಟು ಕಟ್ಟಿದ ಮೇಲೆ ಇಷ್ಟೂ ನೀರು ಬರುವುದು ಕಷ್ಟವಾಯಿತು. 2004ರ ಬರದಲ್ಲಿ ನೀರು ಬಿಡಬಾರದೆಂದು ಅಲ್ಲಿನ ರೈತರು ಪ್ರತಿಭಟಿಸಿದರು. ಅವರ ಹೊಲಗಳೂ ಒಣಗಿದ್ದವಲ್ಲ! ಕಾವೇರಿ ನೀರಿನ ಸುದ್ದಿ ಕೇಳುತ್ತಲೇ ಬೆಳೆದ ನಾವು ಅವರನ್ನು ಸುಲಭವಾಗಿ ಬೈಯಲಾರೆವು. ಆ ಒಣ ವರ್ಷಗಳಲ್ಲಿ ಜೌಗಿನ ನೆಲದಲ್ಲಿ ಬಳ್ಳಾರಿ ಜಾಲಿ ಎದ್ದಿತು. ಅದನ್ನು ಬೇರುಸಹಿತ ಕಿತ್ತವರು ಅದೇ ಸುತ್ತಲಿನ ಹಳ್ಳಿಯವರು, ಕಟ್ಟಿಗೆ ಅವರಿಗೇ ಎಂಬ ಒಪ್ಪಂದದ ಮೇಲೆ. ಈಗ ಗೋವರ್ಧನ ಕಾಲುವೆಯಿಂದಲೂ ಚಂಬಲ್ ಕಡೆಯಿಂದಲೂ ಪೈಪಿನಲ್ಲಿ ನೀರು ತರುವ ವ್ಯವಸ್ಥೆ ಇದೆ. ನಾನು ನೋಡಿದ ಬಣ್ಣದ ಕೊಕ್ಕರೆಯ ಮರಿಗಳು ಹೀಗೆ ಬಂದ ನೀರಿನ ಮೇಲೆ ಬದುಕುತ್ತಿದ್ದವು.

ಮತ್ತೆ ನಮ್ಮ ಕೆರೆಗೆ

ರಜೆ ಮುಗಿದು ಕಾಲೇಜಿಗೆ ಬಂದ ಮೊದಲ ವಾರ ಆ ಸಹಪಾಠಿಯ ಹತ್ತಿರ ಹೋಗಿ, "ನೀನು ಕೇಳಿದ ಪ್ರಶ್ನೆಗೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ" ಎಂದೆ. ಅವಳು ನಕ್ಕು, "ಬಾ, ಎಮ್ಮೆ ತೋರಿಸುತ್ತೇನೆ" ಎಂದಳು. ಮೂರು ಎಮ್ಮೆಗಳಿವೆ. ಬೆಳಿಗ್ಗೆ ಕೆರೆಯ ಪೂರ್ವದ ಅಂಚಿನಲ್ಲಿ ಮೇಯುತ್ತವೆ. ಅವು ಮೇಯುವ ಕಡೆ ನೀರು ತೆರೆದಿದೆ, ಬೆಳ್ಳಕ್ಕಿಗಳು ಅವುಗಳ ಕಾಲಬುಡದಲ್ಲೇ ಓಡಾಡುತ್ತವೆ. ಅವು ಹೋಗದ ಪಶ್ಚಿಮದ ಮೂಲೆಯಲ್ಲಿ ಜೊಂಡು ದಟ್ಟವಾಗಿದೆ, ಅಲ್ಲಿ ಜಂಬುಕೋಳಿಗಳ ಕೂಗು ಕೇಳುತ್ತದೆ. ಬಹುಶಃ ಕೆರೆಗೆ ಎರಡೂ ಬೇಕು. ಆದರೆ ಅದನ್ನು ನಾನು ಈಗ ಜೋರಾಗಿ ಹೇಳುವುದಿಲ್ಲ. ಮೊದಲು ಎಣಿಸಬೇಕು.

ಆದ್ದರಿಂದ ಇಕೋ ಕ್ಲಬ್‌ನಿಂದ ಒಂದು ನೋಟ್‌ಬುಕ್ ಶುರು ಮಾಡಿದ್ದೇವೆ. ಪ್ರತಿ ಭಾನುವಾರ ಬೆಳಿಗ್ಗೆ ಏಳರಿಂದ ಎಂಟರವರೆಗೆ ಎರಡೂ ಅಂಚುಗಳಲ್ಲಿ ಯಾವ ಹಕ್ಕಿ, ಎಷ್ಟು, ನೀರು ಎಲ್ಲಿಯವರೆಗೆ, ಎಮ್ಮೆ ಎಷ್ಟು ಎಂದು ಬರೆಯುತ್ತೇವೆ. ಎಮ್ಮೆಯ ಕಾಲಂ ಬರೆಯುವುದು ಆ ಸಹಪಾಠಿಯ ಕೆಲಸ. ಅವಳಿಗೆ ಅವುಗಳ ಹೆಸರೂ ಗೊತ್ತು. ಬೇಲಿ ಬೇಕೋ ಬೇಡವೋ, ಬೇಕಾದರೆ ಎಲ್ಲಿ, ಯಾವ ತಿಂಗಳಲ್ಲಿ ಎಂದು ಒಂದು ವರ್ಷದ ಲೆಕ್ಕ ಸಿಕ್ಕ ಮೇಲೆ ಮತ್ತೆ ಚರ್ಚೆ ಮಾಡೋಣ. ಬರಲು ಇಷ್ಟವಿರುವವರು ಜೀವಶಾಸ್ತ್ರ ಲ್ಯಾಬಿನ ನೋಟಿಸ್ ಬೋರ್ಡಿನಲ್ಲಿ ಹೆಸರು ಬರೆಯಿರಿ. ಬೈನಾಕ್ಯುಲರ್ ಇರುವುದು ಒಂದೇ, ಸರದಿಯಲ್ಲಿ ನೋಡಬೇಕಾಗುತ್ತದೆ.